ಸಹಿದಾರ ಎಂಬ ದಾರ

ಓದದೆ ಸಹಿ ಹಾಕಲು ಒಪ್ಪಿಕೊಂಡವನು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬೇರೆಯವರು ಹೇಳಿದರೆ ಇನ್ನೂ ಕೆಟ್ಟದಾಗಿ ಕೇಳಿಸುತ್ತದೆ. ಕನ್ನಡನಾಡು ಒಂದಾದ ಮರುವರ್ಷ, ನನಗೆ ಇಪ್ಪತ್ತೆರಡು. ಮೀಸೆಗಿಂತ ಸಹಿಯೇ ಪೊಗದಸ್ತಾಗಿ ಬೆಳೆದಿತ್ತು: ಎರಡು ಸುರುಳಿ, ಒಂದು ಬಾಲ, ಬಾಲದಡಿ ಎರಡು ಚುಕ್ಕಿ. ಅದನ್ನು ಮೆರೆಸಲು ಒಂದು ಕಾಗದ ಸಿಕ್ಕರೆ ಸಾಕು, ಅದರಲ್ಲಿ ಏನಿದೆ ಎಂಬುದು ಪರರ ಚಿಂತೆ.

ಹಾಗಾಗಿ ಚಿಕ್ಕಜಾಲದ ತಿಮ್ಮಣ್ಣ "ಪತ್ರಕ್ಕೊಂದು ಸಾಕ್ಷಿ ಬೇಕು, ಬಾ ಮಗಾ" ಎಂದಾಗ ಸೈಕಲ್ಲೇರಿ ಯಲಹಂಕದ ನೋಂದಣಿ ಕಚೇರಿಗೆ ಹೋದೆ. ಅವನ ಅವ್ವ ತೀರಿಕೊಂಡಿದ್ದಳು. ಅವ್ವನ ಹೆಸರಲ್ಲಿದ್ದ ಕನಕಾಂಬರದ ತೋಟದಲ್ಲಿ ತನಗೆ ಪಾಲು ಬೇಡವೆಂದು ಅಕ್ಕ ಮುನಿಯಮ್ಮ ಬರೆದುಕೊಡಬೇಕಿತ್ತು. ಗಂಡ ಹೋದಮೇಲೆ ತವರಿಗೆ ಬಂದು, ಆ ತೋಟದ ಹೂ ಬಿಡಿಸಿ ಮಾಲೆ ಕಟ್ಟುತ್ತಿದ್ದವಳು ಅವಳೇ.

ಪತ್ರ ಬರೆಯುವವರು ಕಚೇರಿಯ ಜಗಲಿಯ ಮೇಲೆ ಕೂತು ಮೂಗಿನಲ್ಲಿ ಓದತೊಡಗಿದರು: "ಈ ಕೆಳಗೆ ಸಹಿದಾರಳಾದ ಮುನಿಯಮ್ಮನೆಂಬ ನಾನು..."

ಹೊಂಗೆಯ ನೆರಳು, ಊಟದ ನಂತರದ ಹೊತ್ತು. ಆ ಒಂದು ಪದ ನನ್ನ ತಲೆಯೊಳಗೆ ತೇಲತೊಡಗಿತು. ದಾರ ಅಂದರೆ ಹೂ ಕಟ್ಟುವ ದಾರವೇ ಇರಬೇಕು. ಮೇಲೆ ಪೋಣಿಸಿದ ಮಾತುಗಳು ಉದುರದಂತೆ ತುದಿಗೆ ಗಂಟು ಹಾಕುವವನು ಸಹಿದಾರ. ಹಾಗಾದರೆ ಪಾಲುದಾರ, ಅಮಲ್ದಾರ, ಹವಾಲ್ದಾರ ಎಲ್ಲರೂ ಒಂದೇ ಮಾಲೆಯ ಹೂಗಳು. ಸ್ಟೇಷನ್ನಿನ ಕಡೆಯಿಂದ ರೈಲು ಕೂಗದಿದ್ದರೆ ಆ ಮಾಲೆಯನ್ನು ಕೊರಳಿಗೇ ಹಾಕಿಕೊಳ್ಳುತ್ತಿದ್ದೆ.

"ಏನಪ್ಪಾ ಅದು, ಸೈದಾರ ಅಂದ್ರೆ?" ಮುನಿಯಮ್ಮ ಕೇಳಿದಳು.

ನನ್ನ ನಾಲಗೆಗೆ ಕಡಿವಾಣ ಎಲ್ಲಿ? ನಮ್ಮ ಶಾಲೆಯ ಪಂಡಿತರ ದನಿ ತೆಗೆದು, ಇಲ್ಲದ ನಸ್ಯ ಏರಿಸಿ, "ಸಹಿಸು ಎಂಬ ಧಾತುವಿನಿಂದ ಬಂದದ್ದು, ತಾಯಿ. ಸಹಿಸುವವಳೇ ಸಹಿದಾರಳು" ಎಂದೆ. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಛಾಪಾ ಕಾಗದ ಮಾರುವ ಬಾಷಾ ಸಾಹೇಬರು ಕನ್ನಡಕ ಒರೆಸಿಕೊಂಡರು. "ಯಾಕ್ ಗುರು ಬಡಪಾಯಿ ಮಾತನ್ನ ಕೊಲ್ತೀಯಾ? ಅದು ನಮ್ಮ ಮನೆ ಮಾತು, ಅರಬ್ಬಿಯಿಂದ ಬಂದಿದ್ದು. ಸಹೀ ಅಂದ್ರೆ ಸರಿ. ನೀವು ಹಳ್ಳೀಲಿ ಸೈ ಅಂತೀರಲ್ಲ, ಅದೇ. ದಾರ್ ಅನ್ನೋದು ಪಾರ್ಸಿ, ಇಟ್ಕೊಂಡಿರೋನು ಅಂತ. ಬರೆದಿದ್ದು ಸರಿ ಅನ್ನೋ ಅಧಿಕಾರ ಯಾರ ಕೈಲಿದೆಯೋ ಅವರೇ ಸಹಿದಾರರು."

ನನಗೆ ಮತ್ತೆ ಮಂಪರು. ಎಲ್ಲಿಯ ಮರಳುಗಾಡು, ಎಲ್ಲಿಯ ಯಲಹಂಕ. ಕಡಲು ದಾಟಿ, ಕುದುರೆ ವ್ಯಾಪಾರಿಗಳ ಜೊತೆ ನಡೆದು, ಗುಮಾಸ್ತರ ಬಗಲಚೀಲದಲ್ಲಿ ಮಲಗೆದ್ದು ಆ ಪದ ಈ ಹೊಂಗೆಯಡಿಗೆ ಬಂದು ಕೂತಿದೆ. ಇಷ್ಟು ದೂರ ಬಂದದ್ದು ಒಂದೇ ಪ್ರಶ್ನೆ ಕೇಳುವುದಕ್ಕೆ: ಇದು ಸರಿಯಾ? ಸುರುಳಿ ಸುತ್ತುವ ಸಂಭ್ರಮದಲ್ಲಿ ನಾನು ಅದನ್ನು ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ.

ತಿಮ್ಮಣ್ಣ ಮಸಿಯ ಡಬ್ಬಿ ಮುಂದೆ ತಳ್ಳಿದ. "ಒತ್ತಕ್ಕಾ, ವೊತ್ತಾಯ್ತು. ಸರಿಯೋ ತಪ್ಪೋ, ಮನೆ ಅಂದ್ಮೇಲೆ ಸೈಸ್ಕಬೇಕು. ಇವನೇ ಏಳಿದ್ನಲ್ಲ."

ನನ್ನ ತಮಾಷೆಯನ್ನೇ ದೊಣ್ಣೆ ಮಾಡಿಕೊಂಡಿದ್ದ. ನಾನು ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಳಿಸಿದೆ.

ಮುನಿಯಮ್ಮ ಇನ್ನೂ ಮಸಿ ತಾಗದ ಹೆಬ್ಬೆರಳನ್ನು ಸೆರಗಿನಲ್ಲಿ ಒರೆಸಿಕೊಂಡು ಎದ್ದಳು.

"ಸೈ ಅನ್ನಿಸಿದ್ರೆ ಒತ್ತುತಿದ್ದೆ ಕಣೋ ತಮ್ಮಾ. ಸೈಸ್ಕಳಾಕೆ ಎಬ್ಬೆಟ್ಟು ಯಾಕೆ? ಇಷ್ಟು ವರ್ಸ ಬರೀ ಕೈನಾಗೇ ಸೈಸ್ಕಂಡಿಲ್ವಾ?"