ಗಾರೊವ್‌ನ ಒಪ್ಪಿಗೆಗೆ ಕಾದ ಕೋಟು

ಕತ್ತಲು ಇನ್ನೂ ಕರಗಿಲ್ಲ. ಕೊಟ್ಟಿಗೆಯ ಬಾಗಿಲಿಗೆ ತೂಗುಹಾಕಿದ ಲಾಟೀನಿನ ಬೆಳಕಿನಲ್ಲಿ ಝುಮ್ರೆತಾ ತಮ್ಮ ಕುದುರೆ ಪುಟ್ಕೊನನ್ನು ಹಿಮದ ಮೇಲೆ ಜಾರುವ ಗಾಡಿಗೆ ಕಟ್ಟುತ್ತಿದ್ದಾರೆ. ಉಷ್ಣಮಾಪಕದ ಪಾದರಸ ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗಿಳಿದಿದೆ. ಗಾಳಿ ಬೀಸುತ್ತಿಲ್ಲವಾದ್ದರಿಂದ ಪೆಶ್ಟರ್ ಎಂಬ ಈ ಎತ್ತರದ ಬಯಲಿನಲ್ಲಿ ಇದನ್ನು ಯಾರೂ ಚಳಿ ಎಂದು ಕರೆಯುವುದಿಲ್ಲ. ಖಾಲಿ ಹಾಲಿನ ಕ್ಯಾನುಗಳನ್ನು ಒಂದಕ್ಕೊಂದು ತಾಗದಂತೆ ಹುಲ್ಲಿನ ನಡುವೆ ಕೂರಿಸಿ, ಅವುಗಳ ಮೇಲೆ ಹಳೆಯ ಕಂಬಳಿ ಹೊದಿಸುತ್ತಾರೆ. ಅವರ ಮೈಮೇಲೆ ಬೂದುಗಂದು ಬಣ್ಣದ, ಮೊಣಕಾಲಿನವರೆಗೆ ಇಳಿಯುವ ದಪ್ಪ ಉಣ್ಣೆಯ ಹೊಸ ಕೋಟಿದೆ. ಅದನ್ನು ತೊಟ್ಟು ಕೆಲಸಕ್ಕೆ ಹೊರಡುತ್ತಿರುವುದು ಇಂದೇ ಮೊದಲು. ಕೈಗವಸು ತೆಗೆಯದೆಯೇ ಗುಂಡಿಗಳನ್ನು ಹಾಕಿ, ಎರಡೂ ತೋಳುಗಳನ್ನು ಒಮ್ಮೆ ಮೇಲಕ್ಕೆತ್ತಿ ಇಳಿಸುತ್ತಾರೆ.

"ಕೋಟು ಚೆನ್ನಾಗಿದೆ ಅಂತ ನಾನು ಹೇಳಿದ್ರೆ ಆಗಲ್ಲ," ಎನ್ನುತ್ತಾರೆ ಲಗಾಮು ಕೈಗೆತ್ತಿಕೊಳ್ಳುತ್ತ. "ಮೇಲಿನ ಮನೆ ಗಾರೊವ್ ಹೇಳಬೇಕು."

ಗಾರೊವ್ ಒಂದು ನಾಯಿ.

ಹಿಮ ಬಿದ್ದು ರಸ್ತೆ ಮುಚ್ಚಿದ ಮೇಲೆ ಸ್ಯೆನಿತ್ಸ ಪಟ್ಟಣದ ಡೈರಿಯ ವಾಹನ ಸೇತುವೆಯಿಂದಾಚೆಗೆ ಬರುವುದಿಲ್ಲ. ಸೇತುವೆಯ ಮೇಲಿನ ಇಳಿಜಾರಿನಲ್ಲಿ ಏಳು ಮನೆಗಳು ಒಂದರ ಕೂಗು ಇನ್ನೊಂದಕ್ಕೆ ಕೇಳಿಸದಷ್ಟು ದೂರ ದೂರ ಚದುರಿಕೊಂಡಿವೆ. ಆ ಮನೆಗಳ ಹಾಲನ್ನು ಚಳಿಗಾಲದುದ್ದಕ್ಕೂ ಕೆಳಗೆ ತರುವವರು ಝುಮ್ರೆತಾ. ಮೊದಲು ಅವರ ತಂದೆ ತರುತ್ತಿದ್ದರು; ತಂದೆಯ ಮೊಣಕಾಲು ಕೈಕೊಟ್ಟ ವರ್ಷ ಲಗಾಮು ಮಗಳ ಕೈಗೆ ಬಂತು. ಈಗ ಅವರಿಗೆ ಐವತ್ತಮೂರು. ಊರಿನ ಚೀಸನ್ನು ಹೊಗಳುವವರು ಹುಲ್ಲನ್ನು ಹೊಗಳುತ್ತಾರೆ, ಹಸುವನ್ನು ಹೊಗಳುತ್ತಾರೆ, ಚೀಸ್ ಮಾಡುವವರ ಕೈಯನ್ನೂ ಹೊಗಳುತ್ತಾರೆ. ಹಾಲು ಹೆಪ್ಪುಗಟ್ಟದೆ ಸೇತುವೆ ತಲುಪಿದ್ದು ಹೇಗೆ ಎಂದು ಕೇಳುವವರು ಕಡಿಮೆ.

ಈ ಕೆಲಸದಲ್ಲಿ ಚಳಿಗಿಂತ ನಾಯಿಯ ಕಾಟ ದೊಡ್ಡದು. ಕಾಡಿನಿಂದ ತೋಳಗಳು ಇಳಿಯುವ ಕಾಲವಾದ್ದರಿಂದ ಶರತ್ಕಾಲದಿಂದಲೇ ಇಲ್ಲಿ ಯಾರೂ ನಾಯಿ ಕಟ್ಟುವುದಿಲ್ಲ. ಪ್ರತಿ ಅಂಗಳದಲ್ಲೂ ಕರುವಿನಷ್ಟು ಎತ್ತರದ, ಕೊರಳಿಗೆ ಮುಳ್ಳಿನ ಪಟ್ಟಿ ತೊಟ್ಟ ಕಾವಲುನಾಯಿ ಸ್ವತಂತ್ರವಾಗಿ ತಿರುಗುತ್ತಿರುತ್ತದೆ. ಅವು ಇಷ್ಟು ವರ್ಷ ಝುಮ್ರೆತಾರನ್ನು ಒಳಗೆ ಬಿಟ್ಟಿದ್ದು ಅವರ ಮುಖ ನೋಡಿ ಎಂದು ಎಲ್ಲರೂ ನಂಬಿದ್ದರು. ಅವು ಬಿಟ್ಟಿದ್ದು ಕೋಟನ್ನು ಎಂದು ತಿಳಿದದ್ದು ಈ ಶರತ್ಕಾಲದಲ್ಲಿ.

ಹಳೆಯ ಕೋಟು ತಂದೆಯ ಕಾಲದ್ದು. ಅದರ ಮೊಣಕೈಗೆ ಹಾಕಿದ ತೇಪೆಯ ಮೇಲೂ ತೇಪೆ ಬಿದ್ದಿತ್ತು. ಚಳಿಗಾಲದ ಸುತ್ತಿಗೆ ಅಭ್ಯಾಸವಾಗಲೆಂದು ಗಾಡಿ ಹೂಡಿ ಮನೆಮನೆಗೆ ಹೋಗಿಬರುವ ಅಕ್ಟೋಬರಿನ ಒಂದು ಬೆಳಿಗ್ಗೆ ಕ್ಯಾನು ಎತ್ತುವಾಗ ಬೆನ್ನ ನಡುವಿನಿಂದ ಅದು ಸದ್ದಿಲ್ಲದೆ ಎರಡಾಯಿತು. ಡೈರಿಯ ಯಜಮಾನ ಎನೆಸ್ ವಯಸ್ಸಿನಲ್ಲಿ ಚಿಕ್ಕವನು, ಮನಸ್ಸಿನಲ್ಲಿ ಒಳ್ಳೆಯವನು. ಅವನು ಮರುದಿನವೇ ಹೊಸದೊಂದನ್ನು ಕಳಿಸಿಕೊಟ್ಟ. ಅದು ಕಡುಗೆಂಪು ಬಣ್ಣದ ನೈಲಾನಿನ ಕೋಟು. ಒಳಗೆ ಉಬ್ಬುಬ್ಬಿದ ಹತ್ತಿ, ಬೆನ್ನ ಮೇಲೆ ಡೈರಿಯ ಹೆಸರು. ಆದರೆ ಅದನ್ನು ತೊಟ್ಟು ನಡೆದರೆ ಹೆಜ್ಜೆ ಹೆಜ್ಜೆಗೂ ಸರಸರ ಸದ್ದು. ಮೊದಲನೆಯ ಮನೆಯಲ್ಲಿ ಹಸು ಒದೆಯಿತು. ಎರಡನೆಯ ಮನೆಯಲ್ಲಿ ನಾಯಿ ಬಾಗಿಲಿಗೆ ಅಡ್ಡ ನಿಂತಿತು. ಮೇಲಿನ ಮನೆಯಲ್ಲಿ ಗಾರೊವ್ ಅವರನ್ನು ಗಾಡಿಯ ಮೇಲೆ, ಕ್ಯಾನಿನ ಮೇಲೆ, ಕೊನೆಗೆ ಕುದುರೆಯ ಮೇಲೆ ಹತ್ತಿಸಿತು.

ಆಗ ಝುಮ್ರೆತಾ ಮಾಡಿದ್ದು ಈ ಬಯಲಿನವರು ಮಾತ್ರ ಮಾಡಬಹುದಾದ ತಪ್ಪು. ಇಲ್ಲಿ ಬೂಟಿಗೆ, ಜೀನಿಗೆ, ಒಡೆದ ಕೈಗೆ, ಕಿರುಗುಟ್ಟುವ ಬಾಗಿಲಿಗೆ, ಎಲ್ಲಕ್ಕೂ ಕುರಿಯ ಕೊಬ್ಬೇ ಮದ್ದು. ಅವರು ಕೆಂಪು ಕೋಟಿಗೂ ಅದನ್ನೇ ಧಾರಾಳವಾಗಿ ತಿಕ್ಕಿದರು. ಹಿಮ ಅಂಟುವುದಿಲ್ಲ, ಸದ್ದು ಅಡಗುತ್ತದೆ, ನಾಯಿಗೆ ಮನೆಯ ವಾಸನೆ ಸಿಗುತ್ತದೆ ಎಂಬ ಲೆಕ್ಕಾಚಾರ. ಮೂರೂ ಸರಿಯಾದವು. ನಾಯಿಗಳು ಅಟ್ಟಿಸಿಕೊಂಡು ಬರಲಿಲ್ಲ. ಬಾಲವಾಡಿಸುತ್ತ ಬಂದು ಕೋಟನ್ನು ನೆಕ್ಕಿದವು, ಕಚ್ಚಿದವು, ಒಂದು ತೋಳನ್ನು ಪೂರ್ತಿ ಕಿತ್ತುಕೊಂಡು ಹೋದವು.

"ಮೊದಲನೇ ದಿನ ಕೋಪಕ್ಕೆ ಹರಿದಿದ್ರೆ ಒಂದು ಮಾತು," ಎಂದು ಝುಮ್ರೆತಾ ನಗುತ್ತಾರೆ. "ಪ್ರೀತಿಗೆ ಹರಿದ್ರೆ ಯಾರಿಗೆ ಬೈಯ್ಯೋದು?"

ಎನೆಸ್ ಬೈಯಲಿಲ್ಲ, ಆದರೆ ಯೋಚನೆಗೆ ಬಿದ್ದ. ರಸ್ತೆ ಮುಚ್ಚುವಷ್ಟರಲ್ಲಿ ಝುಮ್ರೆತಾ ಅಕ್ಕ ಏಳೂ ಅಂಗಳಗಳಿಗೆ ಹೋಗಿಬರುವಂತಾಗದಿದ್ದರೆ ಕೆಳಗಿನ ಹಳ್ಳಿಯ ಟ್ರ್ಯಾಕ್ಟರಿನವನಿಗೆ ಹೇಳಬೇಕಾಗುತ್ತದೆ ಎಂದು ಸಂಕೋಚದಿಂದಲೇ ತಿಳಿಸಿದ. ಟ್ರ್ಯಾಕ್ಟರು ಅರ್ಧ ಇಳಿಜಾರಿನವರೆಗೆ ಮಾತ್ರ ಹತ್ತುತ್ತದೆ. ತುತ್ತತುದಿಯಲ್ಲಿರುವ ರಾಬಿಯಾ ಅಜ್ಜಿಯ ಮನೆಗೆ ಅದು ಬರುವುದಿಲ್ಲ. ಒಂದೇ ಹಸುವಿನ ಆ ಮನೆಯ ಹಾಲು ಅಲ್ಲಿಗೆ ನಿಂತುಹೋಗುತ್ತದೆ, ಝುಮ್ರೆತಾರ ಗಾಡಿಯೂ ನಿಲ್ಲುತ್ತದೆ. ಗಾರೊವ್ ಇರುವುದು ಆ ಮನೆಯಲ್ಲಿ.

ಸಂತೆಯ ದಿನ ಝುಮ್ರೆತಾ ಖಾಲಿ ಕ್ಯಾನೊಂದನ್ನು ಬೆನ್ನಿಗೆ ಹಾಕಿಕೊಂಡು ಸ್ಯೆನಿತ್ಸಕ್ಕೆ ಇಳಿದರು. ಅಂಗಡಿಯ ಕೋಟುಗಳನ್ನು ಅವರು ಕನ್ನಡಿಯ ಮುಂದೆ ನಿಂತು ನೋಡುವುದಿಲ್ಲ. ತೊಟ್ಟುಕೊಂಡು ನಡುರಸ್ತೆಯಲ್ಲಿ ಕುಕ್ಕರಗಾಲಿನಲ್ಲಿ ಕೂರುತ್ತಾರೆ, ಇಲ್ಲದ ಹಸುವಿನ ಕೆಚ್ಚಲಿಗೆ ಕೈ ಹಾಕುತ್ತಾರೆ, ಕ್ಯಾನನ್ನು ಭುಜದ ಎತ್ತರಕ್ಕೆ ಎತ್ತುತ್ತಾರೆ. ತೋಳೆತ್ತಿದಾಗ ಕೋಟು ಮೇಲೇರಿ ನಡ ಕಂಡರೆ ಅದು ಅಲ್ಲಿಗೆ ತಿರಸ್ಕೃತ. ಬೆನ್ನಿನ ಕೆಳಭಾಗಕ್ಕೆ ಗಾಳಿ ತಾಕಿದರೆ ಮೂತ್ರಪಿಂಡ ಕೆಡುತ್ತದೆ, ಅದು ಕೆಟ್ಟರೆ ಮಿಕ್ಕಿದ್ದೆಲ್ಲ ಕೆಡುತ್ತದೆ ಎಂಬುದು ಈ ಬಯಲಿನ ಅಜ್ಜಿಯರ ಶಾಸನ. ಸೇನೆಯವರು ಬಿಟ್ಟುಕೊಟ್ಟ ಕೋಟೊಂದು ಈ ಪರೀಕ್ಷೆಯಲ್ಲಿ ಗೆದ್ದು, ಜಿಪ್ಪಿನಲ್ಲಿ ಸೋತಿತು. ಹಾಲು ಸಿಡಿದ ಜಿಪ್ಪು ಹೆಪ್ಪುಗಟ್ಟಿದರೆ ಒಲೆಯ ಮುಂದೆ ಕೂತು ಕರಗಿಸದ ಹೊರತು ಕೋಟಿನಿಂದ ಹೊರಬರುವಂತಿಲ್ಲ. ನೋಡುತ್ತ ನಿಂತ ಗಂಡಸರು ಹಸು ಎಷ್ಟು ಹಾಲು ಕೊಟ್ಟಿತು ಎಂದು ಕೇಳಿದರಂತೆ. ನಿಮ್ಮ ಮನೆಯ ಎತ್ತಿಗಿಂತ ಹೆಚ್ಚು ಎಂದು ಇವರು ಉತ್ತರಿಸಿದರಂತೆ.

ಕೊನೆಗೆ ಅವರು ಹೋದದ್ದು ಮಸೀದಿಯ ಹಿಂದಿನ ಓಣಿಯ ದರ್ಜಿ ಚಾಮಿಲರ ಬಳಿಗೆ. ಕುರಿಗಾಹಿಗಳಿಗೂ ಮರ ಕಡಿಯುವವರಿಗೂ ಹೊಲಿಯುತ್ತ ಮುದುಕರಾದವರು ಅವರು. ಝುಮ್ರೆತಾ ಹೇಳುತ್ತ ಹೋದರು, ಚಾಮಿಲ್ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತ ಹೋದರು. ಹೊರಪದರಕ್ಕೆ ನೀರಿನಲ್ಲಿ ತುಳಿದು ತುಳಿದು ಗಟ್ಟಿ ಮಾಡಿದ ಉಣ್ಣೆಬಟ್ಟೆ. ಅದಕ್ಕೆ ಬಾಯಿಟ್ಟು ಊದಿದರೆ ಇನ್ನೊಂದು ಬದಿಯ ಅಂಗೈಗೆ ಉಸಿರು ತಿಳಿಯಬಾರದು. ಒಳಗೆ ಕುರಿಚರ್ಮ, ಆದರೆ ಎದೆ ಮತ್ತು ಬೆನ್ನಿಗೆ ಮಾತ್ರ, ಅದೂ ಬಿಚ್ಚಿ ತೆಗೆಯುವಂತೆ. ಏರು ಹತ್ತುವಾಗ ಬೆವರಿದರೆ ಇಳಿಯುವಾಗ ಆ ಬೆವರೇ ಮಂಜುಗಡ್ಡೆಯಾಗುತ್ತದೆ. ಕಂಕುಳಲ್ಲಿ ಹೆಚ್ಚುವರಿ ಬಟ್ಟೆಯ ತುಂಡು. ಮುಂಭಾಗಕ್ಕಿಂತ ಹಿಂಭಾಗ ಒಂದು ಗೇಣು ಉದ್ದ. ಕೈಗವಸಿನ ಬೆರಳಿಗೂ ಸಿಗುವ ಮರದ ಗುಂಡಿಗಳು. ಎರಡೆರಡು ಸಲ ಮೇಣದ ದಾರದಲ್ಲಿ ಓಡಿಸಿದ ಹೊಲಿಗೆ. ಎಡಗಡೆ ಕುದುರೆಯ ಸಕ್ಕರೆಗೆ ಒಂದು ಜೇಬು.

"ಕೋಟು ಕೇಳ್ತಿದೀಯೋ, ಕೊಟ್ಟಿಗೆ ಕೇಳ್ತಿದೀಯೋ, ತಾಯಿ?" ಎಂದು ಚಾಮಿಲ್ ಕೇಳಿದರು.

"ಕೊಟ್ಟಿಗೇನೇ. ಬಾಗಿಲು ಮಾತ್ರ ಮುಂದೆ ಇಡು."

ಕೋಟು ತಯಾರಾಯಿತು. ಅದು ಬೆಚ್ಚಗಿತ್ತು, ಗಟ್ಟಿಯಾಗಿತ್ತು, ಸದ್ದು ಮಾಡುತ್ತಿರಲಿಲ್ಲ. ಆದರೂ ಅದು ಏಳು ನಾಯಿಗಳ ಪಾಲಿಗೆ ಅಪರಿಚಿತ. ಉಪಾಯ ಹೇಳಿದವರು ರಾಬಿಯಾ ಅಜ್ಜಿ. ಮದುವೆಯಾದ ಮೇಲೆ ಹೊಸ ಹೆಣ್ಣನ್ನು ನೆಂಟರ ಮನೆಗಳಿಗೆಲ್ಲ ಕರೆದುಕೊಂಡು ಹೋಗಿ ತೋರಿಸುವುದಿಲ್ಲವೇ, ಇದನ್ನೂ ಹಾಗೆಯೇ ತೋರಿಸಿ ಎಂದು ಅವರು ಹೇಳಿ ಕಳಿಸಿದರು. ಅಂತೆಯೇ ಕೋಟು ಮನೆಯಿಂದ ಮನೆಗೆ ಹೊರಟಿತು. ಒಂದೊಂದು ಕೊಟ್ಟಿಗೆಯಲ್ಲಿ ಒಂದೊಂದು ರಾತ್ರಿ ನೇತಾಡಿತು. ಹೆಂಗಸರು ಅದನ್ನು ಮದುಮಗಳು ಎಂದೇ ಕರೆದರು. ಬಾಗಿಲಲ್ಲಿ ಬರಮಾಡಿಕೊಂಡು, ಮೈ ತುಂಬ ದಪ್ಪ, ಮಾತು ಕಡಿಮೆ, ಒಳ್ಳೆಯ ಸೊಸೆ ಎಂದು ಮೆಚ್ಚಿದರು. ಒಬ್ಬರು ಅದರ ಜೇಬಿಗೆ ಕಾಫಿಯ ಸಕ್ಕರೆ ಅಚ್ಚು ಹಾಕಿದರು. ಇನ್ನೊಬ್ಬರ ಮನೆಯ ನಾಯಿ ಅದರ ಕೆಳಗೇ ಮಲಗಿ ಬೆಳಗು ಮಾಡಿತು. ಆರು ಮನೆಗಳಿಂದ ಒಳ್ಳೆಯ ಸುದ್ದಿಯೇ ಬಂತು.

ಏಳನೆಯ ಮನೆಯಿಂದ ಬಂದ ಸುದ್ದಿ ಮಾತ್ರ ಯಾವ ಕಡೆಗೂ ವಾಲಲಿಲ್ಲ. ಗಾರೊವ್ ಕೊಟ್ಟಿಗೆಗೆ ಬಂದು, ಕೋಟನ್ನು ಒಮ್ಮೆ ಮೂಸಿ, ಬೆನ್ನು ತಿರುಗಿಸಿ ಹೊರಟುಹೋಯಿತಂತೆ. ಅದರ ಮಾರನೆಯ ದಿನ ಹಿಮ ಸುರಿದು ರಸ್ತೆ ಮುಚ್ಚಿತು.

ಆದ್ದರಿಂದ ಈ ಬೆಳಗಿನ ಪಯಣ. ಮೊದಲನೆಯ ಅಂಗಳದಲ್ಲಿ ನಾಯಿ ಬಾಲವಾಡಿಸುತ್ತದೆ. ಎರಡನೆಯದರಲ್ಲಿ ಎದ್ದು ನೋಡಿ ಮತ್ತೆ ಮಲಗುತ್ತದೆ. ಮನೆಮನೆಯಲ್ಲೂ ಝುಮ್ರೆತಾ ಹಾಲಿಗೆ ಬೆರಳದ್ದಿ ನೋಡುತ್ತಾರೆ, ಕ್ಯಾನು ತುಂಬುತ್ತಾರೆ, ನಿಂತೇ ಒಂದು ಗುಟುಕು ಕಾಫಿ ಕುಡಿಯುತ್ತಾರೆ. ಒಂದು ಮನೆಯವರು ಕೈಗೆ ತುರುಕಿದ ಎಲೆಕೋಸು ತುಂಬಿ ಸುಟ್ಟ ಪಿಟಾ ರೊಟ್ಟಿ ಕೋಟಿನೊಳಗೆ ಬೆಚ್ಚಗೆ ಸೇರುತ್ತದೆ. ಆರನೆಯ ಮನೆ ದಾಟಿದ ಮೇಲೆ ಅವರು ಲಗಾಮನ್ನು ಬಿಗಿಯಾಗಿ ಹಿಡಿಯುತ್ತಾರೆ. ಪುಟ್ಕೊ ಎದೆಮಟ್ಟದ ಹಿಮವನ್ನು ಸೀಳುತ್ತ ಹತ್ತುತ್ತದೆ. ಮೂಡಣ ಗುಡ್ಡದ ಅಂಚು ತಿಳಿಗುಲಾಬಿಯಾಗುವ ಹೊತ್ತಿಗೆ ರಾಬಿಯಾ ಅಜ್ಜಿಯ ಬೇಲಿ ಕಾಣುತ್ತದೆ. ಬೇಲಿಯ ಬಾಯಲ್ಲಿ, ದಾರಿಯ ನಟ್ಟನಡುವೆ, ಮಸಿಯಂತೆ ಕಪ್ಪಾದ ಗಾರೊವ್ ನಿಂತಿದೆ.

ಝುಮ್ರೆತಾ ಗಾಡಿಯಿಂದ ಇಳಿಯುತ್ತಾರೆ. ನಾಯಿಯ ಹೆಸರು ಹಿಡಿದು ಕರೆಯುವುದಿಲ್ಲ, ಕೈಯನ್ನೂ ಚಾಚುವುದಿಲ್ಲ. ಕ್ಯಾನನ್ನು ಪಕ್ಕದಲ್ಲಿಟ್ಟು, ಸುಮ್ಮನೆ ನಿಲ್ಲುತ್ತಾರೆ. ಹೊಸ್ತಿಲಲ್ಲಿ ರಾಬಿಯಾ ಅಜ್ಜಿ ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿ ಹಿಡಿದಿದ್ದಾರೆ. ನಾಯಿ ಆತುರವಿಲ್ಲದೆ ಹತ್ತಿರ ಬರುತ್ತದೆ. ಕೋಟಿನ ಬಲ ಅಂಚಿನಿಂದ ಎಡ ಅಂಚಿನವರೆಗೆ ಮೂಗು ತಾಗಿಸುತ್ತ ಒಂದು ಸುತ್ತು ಹಾಕುತ್ತದೆ. ಇಳಿಜಾರಿನ ಆರು ಮನೆಗಳ ಕೊಟ್ಟಿಗೆ, ಹಸು, ನಾಯಿ ಎಲ್ಲದರ ಗುರುತೂ ಆ ಉಣ್ಣೆಯಲ್ಲಿದೆ. ಒಂದನ್ನೂ ಬಿಡದೆ ಓದಿದಂತೆ ಅದು ಮೂಸುತ್ತದೆ. ಅನಂತರ ಹಿಂಬದಿಗೆ ಬಂದು, ಚಾಮಿಲ್ ಒಂದು ಗೇಣು ಉದ್ದ ಬಿಟ್ಟಿದ್ದ ಅಂಚಿನ ಬಳಿ ನಿಂತು, ಗಂಭೀರವಾಗಿ ಕಾಲೆತ್ತುತ್ತದೆ.

ಕೆಲಸ ಮುಗಿಸಿದ ಮೇಲೆ ಗಾರೊವ್ ತಿರುಗಿಯೂ ನೋಡದೆ ಕೊಟ್ಟಿಗೆಯ ಕಡೆಗೆ, ದಾರಿ ತೋರಿಸುವ ಆಳಿನಂತೆ, ಮುಂದೆ ಮುಂದೆ ನಡೆಯುತ್ತದೆ. ಹೊಸ್ತಿಲಲ್ಲಿ ರಾಬಿಯಾ ಅಜ್ಜಿ ನಗು ತಡೆಯಲಾರದೆ ಬಾಗಿಲಿಗೆ ಒರಗುತ್ತಾರೆ.

"ಆರು ಮನೆಯವರದೂ ಆಗಿತ್ತು," ಎನ್ನುತ್ತಾರೆ ಝುಮ್ರೆತಾ, ಕೋಟಿನ ಅಂಚನ್ನು ಬೂಟಿಗೆ ಬಡಿದು ಆಗಲೇ ಕಟ್ಟಿದ ಮಂಜುಗಡ್ಡೆಯನ್ನು ಉದುರಿಸುತ್ತ. "ಇವನ ಸಹಿ ಒಂದು ಬಾಕಿ ಇತ್ತು ನೋಡು."

ಸೇತುವೆಯ ಬಳಿ ಎನೆಸ್ ಕಾಯುತ್ತಿದ್ದಾನೆ. ತುಂಬಿದ ಕ್ಯಾನುಗಳನ್ನು ಒಂದೊಂದಾಗಿ ಇಳಿಸಿಕೊಳ್ಳುತ್ತಾನೆ. ರಾಬಿಯಾ ಅಜ್ಜಿಯ ಪುಟ್ಟ ಕ್ಯಾನು ಕೈಗೆ ಬಂದಾಗ ತಲೆ ಎತ್ತಿ ನಗುತ್ತಾನೆ. ಟ್ರ್ಯಾಕ್ಟರಿನ ಮಾತು ಅವನೂ ಎತ್ತುವುದಿಲ್ಲ, ಇವರೂ ಎತ್ತುವುದಿಲ್ಲ. ಇಷ್ಟು ವರ್ಷ ದುಡಿದ ಅಕ್ಕನಿಗೆ ಡೈರಿಯಿಂದ ಇನ್ನೇನಾದರೂ ಬೇಕೇ ಎಂದು ಅವನು ಕೇಳುತ್ತಾನೆ. ಝುಮ್ರೆತಾ ಪುಟ್ಕೊನ ಬಾಯಿಗೆ ಸಕ್ಕರೆ ಅಚ್ಚು ಕೊಡುತ್ತಾರೆ.

"ಏನೂ ಬೇಡಪ್ಪ," ಎನ್ನುತ್ತಾರೆ. "ಈ ಕೋಟನ್ನ ಒಗಿ ಅಂತ ಮಾತ್ರ ಯಾರೂ ಹೇಳಬೇಡಿ."