ಗ್ವಾಡಿ ಮ್ಯಾಲಿನ ಗೌರಿ

ದೋಸ್ತರ, ಸೈಬರ್ ಸೆಂಟರಿನಾಗ ಕುಂತು ಟೈಪ್ ಮಾಡಾಕತ್ತೀನಿ, ಮೈ ಇನ್ನೂ ಜುಮ್ ಅಂತೈತಿ. ಇವತ್ತು ಬೆಳಿಗ್ಗೆ ಕೊಟ್ಟೂರಾಗ ನಮ್ಮ ಸೋದರತ್ತಿ ದಸರಾ ಬಂತಂತ ಬೀದಿ ಕಡಿ ಗ್ವಾಡಿಗೆ ಸುಣ್ಣ ಬಳಿಯಾಕ ಹೊಂಟಿದ್ಲು. ನೋಡಿದ್ರ, ಯಾರೋ ಇದ್ದಿಲಿಲೆ ಆಳೆತ್ತರದ ಎಮ್ಮಿ ಬರದು ಹೋಗ್ಯಾರ!

"ಯಾವನಲೇ ಅವ, ನನ್ನ ಗ್ವಾಡಿ ಹೊಲಸು ಮಾಡಿದಾವ?" ಅಂತ ಅತ್ತಿ ಕುಂಚ ಎತ್ತಿದ್ಲು.

ಎದುರುಮನಿ ಹುಲಿಗೆವ್ವ ಓಡಿಬಂದು ಕೈ ಹಿಡಿದ್ಲು. "ಯಕ್ಕಾ, ತಡಿ! ಇದು ನಮ್ಮ ಗೌರಿ!"

ಗೌರಿ ಅಂದ್ರ ಹೋದ ತಿಂಗಳು ಸತ್ತ ಅವರ ಎಮ್ಮಿ. ಮುರಿದ ಕೊಂಬು, ಹರಿದ ಕಿವಿ, ಎಲ್ಲಾ ಹಂಗ ಐತಿ. ಕಣ್ಣಂತೂ, ಏನ್ ಹೇಳ್ಲಿ, ಹಿಂಡಿ ಬಕೆಟ್ ಕಾಯೋ ಹಂಗ ನಮ್ಮನ್ನ ನೋಡಾಕತ್ತಿತ್ತು.

"ಗ್ವಾಡಿ ನಂದು!" ಅಂದ್ಲು ಅತ್ತಿ.

"ಎಮ್ಮಿ ನಂದು!" ಅಂದ್ಲು ಹುಲಿಗೆವ್ವ.

ಅತ್ತಿ ಬೈಕೊಂತನ ಸುಣ್ಣ ಬಳದ್ಲು. ಆದ್ರ ಕೊಂಬು, ಬಾಲ, ಒಂದಕ್ಕೂ ತಾಗದಂಗ ಸುತ್ತ ಬಳದ್ಲು. ಬೆಳ್ಳನ ಗ್ವಾಡಿ ಮ್ಯಾಲ ಗೌರಿ ಇನ್ನಷ್ಟು ಎದ್ದು ಬಂದ್ಲು.

ಮಧ್ಯಾಹ್ನ ಹುಲಿಗೆವ್ವ ಕುಂಕುಮ ಹಚ್ಚಾಕ ಬಂದ್ರ ಅತ್ತಿ ಅಡ್ಡ ನಿಂತ್ಲು. "ಮುಟ್ಟಬ್ಯಾಡ, ಅಳಿಸಿಹೋಗ್ತೈತಿ!"

ಈಗ ಮಳಿ ಬಂದ್ರ ಗೌರಿ ತೊಯ್ತಾಳಂತ ಅತ್ತಿ ತಾಡಪಾಲ ಹುಡುಕಾಕತ್ಯಾಳ. ಜೀವಂತ ಗೌರಿ ಮಳ್ಯಾಗ ಇದ ಗ್ವಾಡಿಗೆ ಒತ್ತಿ ನಿಂತ್ರ ಕೋಲು ತಗೊಂಡು ಓಡಿಸ್ತಿದ್ದಾಕಿನೂ ಈಕಿನ.