ಹನ್ನೆರಡನೆಯ ಗಾಳಿಯಂತ್ರ

ನನ್ನ ಮಗಳ ಕೆಲಸ ಚುಕ್ಕೆಗಳನ್ನು ನೋಡುವುದು. ಅವಳು ವಿಮಾನ ಸಂಚಾರ ನಿಯಂತ್ರಕಿ. ಛತ್ರಪತಿ ಸಂಭಾಜಿನಗರದ ಸುತ್ತಿನ ಆಕಾಶವನ್ನು ಕಾಯುವ ಒಂದು ರಾಡಾರ್ ಕೊಠಡಿಯಲ್ಲಿ ಪಾಳಿಯ ಮೇಲೆ ಕೂರುತ್ತಾಳೆ. ಹೋದ ವರ್ಷ ಅವಳಿಗೆ ಈ ಊರಿಗೆ ವರ್ಗವಾದಾಗ ನಾನೂ ನನ್ನ ಹೆಂಡತಿಯೂ ನಾಸಿಕದ ಮನೆ ಖಾಲಿ ಮಾಡಿ ಅವಳೊಂದಿಗೆ ಬಂದೆವು. ಬಂದ ಕೆಲವೇ ತಿಂಗಳಲ್ಲಿ, ಊಟದ ಹೊತ್ತಿನಲ್ಲಿ, ಅವಳು ಆಡಿದ ಒಂದು ನಗೆಮಾತು ನನ್ನ ನೆಮ್ಮದಿಯನ್ನು ಕೆಡಿಸಿತು.

“ಇವತ್ತ ಪಾಹುಣಾ ದಿನಭರ ಕುಂತಿದ್ದ ಅಪ್ಪಾ. ಹೋಗ್ಲೇ ಇಲ್ಲ.”

ಪಾಹುಣಾ ಎಂದರೆ ಮರಾಠಿಯಲ್ಲಿ ಮನೆಗೆ ಬಂದ ನೆಂಟ. ಖುಲ್ತಾಬಾದಿನ ಆಚೆಯ ಗುಡ್ಡಗಳ ಮೇಲೆ, ಪರದೆಯ ಒಂದೇ ಮೂಲೆಯಲ್ಲಿ, ಆಗಾಗ ಒಂದು ಚುಕ್ಕೆ ಮೂಡುತ್ತದಂತೆ. ಅದಕ್ಕೆ ಹೆಸರಿಲ್ಲ, ಎತ್ತರವಿಲ್ಲ. ಸ್ವಲ್ಪ ಜರುಗುತ್ತದೆ, ಮಾಯವಾಗುತ್ತದೆ, ಮತ್ತೆ ಅಲ್ಲಿಯೇ ಬರುತ್ತದೆ. ಅದರ ಬೆನ್ನು ಹತ್ತಿ ಬೇಸತ್ತ ಹಿಂದಿನ ಸಿಬ್ಬಂದಿ ಅದಕ್ಕೆ ಆ ಹೆಸರಿಟ್ಟು ಸುಮ್ಮನಾಗಿದ್ದರು.

“ಅದು ವಿಮಾನ ಅಲ್ಲಂತ ಹೆಂಗ ಗೊತ್ತು?” ಎಂದೆ.

“ಸೀನಿಯರ್ ಲೋಕ ಹೇಳ್ಯಾರಲ್ಲ. ಹವಾಮಾನದಿಂದ ಆಗ್ತದಂತ. ನಾವು ಅದರ ಕಡೆ ಲಕ್ಷ್ಯ ಕೊಡಲ್ಲ.”

ಅವಳು ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡಳು. ನನ್ನ ಕೈ ತಟ್ಟೆಯಲ್ಲಿಯೇ ಉಳಿಯಿತು. ವಿಮಾನಗಳಲ್ಲಿ ತಮ್ಮ ಗುರುತು ತಾವೇ ಹೇಳುವ ಒಂದು ಉಪಕರಣವಿರುತ್ತದೆಂದೂ, ಅದರಿಂದಲೇ ಚುಕ್ಕೆಯ ಪಕ್ಕದಲ್ಲಿ ಹೆಸರು ಮೂಡುತ್ತದೆಂದೂ ಅವಳೇ ನನಗೆ ತಿಳಿಸಿದ್ದಳು. ಆ ಉಪಕರಣ ಕೆಟ್ಟ ವಿಮಾನವೂ ಬರಿಯ ಚುಕ್ಕೆಯೇ. ಗುಡ್ಡಗಳ ಕಡೆಗೆ ವಿಮಾನ ಹಾರಿಸಲು ಕಲಿಯುವವರ ಪುಟ್ಟ ವಿಮಾನಗಳು ದಿನವೂ ಹೋಗುತ್ತಿದ್ದವು. ಒಂದು ದಿನ ನಿಜವಾದ ವಿಮಾನವೊಂದು ಆ ಮೂಲೆಯಲ್ಲಿ ಬರಿಯ ಚುಕ್ಕೆಯಾಗಿ ಮೂಡಿದರೆ ನನ್ನ ಮಗಳು ಅದನ್ನು ನೆಂಟನೆಂದು ಬಗೆದು ಬಿಟ್ಟುಬಿಡುತ್ತಾಳೆ. ಆ ಯೋಚನೆ ಹೊಕ್ಕ ಮೇಲೆ ಮನೆಯ ಮೇಲೆ ಹಾದುಹೋಗುವ ವಿಮಾನದ ಸದ್ದನ್ನೂ ನಾನು ಉಸಿರು ಬಿಗಿಹಿಡಿದು ಕೇಳತೊಡಗಿದೆ.

ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು, ಕಲಬುರಗಿ ಜಿಲ್ಲೆಯಿಂದ ಗುದ್ದಲಿ ಹೊತ್ತು ಬಂದವನು ನಾನು. ಇಗತಪುರಿಯ ಮಳೆಗೆ ಕೆಲಸ ನಿಂತ ದಿನಗಳಲ್ಲಿ ತಗಡಿನ ಶೆಡ್ಡಿನಲ್ಲಿ ಕುಳಿತು, ರದ್ದಿ ಅಂಗಡಿಯಿಂದ ತಂದ ಪುಸ್ತಕಗಳನ್ನು ಓದಿ ಕಲಿತೆ. ಹಾಗೆ ಕಲಿತವನಿಗೆ ಒಂದು ಅಭ್ಯಾಸ ಅಂಟಿಕೊಳ್ಳುತ್ತದೆ: ‘ಹೀಗಂತೆ’ ಎಂದು ಯಾರಾದರೂ ಅಂದರೆ, ನೋಡಿದವರು ಯಾರು ಎಂದು ಕೇಳದೆ ಇರಲಾರ. ಅಂದಿನಿಂದ ನೋಟುಬುಕ್ಕಿನಲ್ಲಿ ಎರಡು ಸಾಲು ಎಳೆದು, ಒಂದರಲ್ಲಿ ಆ ದಿನದ ಗಾಳಿಯನ್ನೂ ಇನ್ನೊಂದರಲ್ಲಿ, ಮಗಳನ್ನು ಕೇಳಿ, ನೆಂಟ ಬಂದನೇ ಇಲ್ಲವೇ ಎಂಬುದನ್ನೂ ಬರೆದಿಟ್ಟೆ. ಮೋಡವಿದ್ದರೂ ಗಾಳಿಯಿಲ್ಲದ ದಿನ ನೆಂಟನಿಲ್ಲ. ಆಕಾಶ ತಿಳಿಯಾಗಿದ್ದರೂ ಗಾಳಿ ಬೀಸಿದರೆ ಹಾಜರು. ಹವಾಮಾನವೇ ಕಾರಣವೆಂದರೆ ಅದು ಬರಿಯ ಗಾಳಿಗೇ ಯಾಕೆ ಕಟ್ಟುಬೀಳಬೇಕು?

ಒಂದು ಮಧ್ಯಾಹ್ನ ಕಿಟಕಿ ಮುಚ್ಚಿ, ಟೇಬಲ್ ಫ್ಯಾನಿನ ಒಂದು ರೆಕ್ಕೆಗೆ ಬಿಸ್ಕಿಟ್ ಪೊಟ್ಟಣದ ಬೆಳ್ಳಿಕಾಗದ ಅಂಟಿಸಿ ಟಾರ್ಚು ಬಿಟ್ಟೆ. ಫ್ಯಾನು ನಿಂತಿದ್ದಾಗ ಗೋಡೆಯ ಮೇಲೆ ಬೆಳಕಿನ ತುಣುಕೊಂದು ಅಲ್ಲಾಡದೆ ನಿಂತಿತು. ತಿರುಗಿಸಿದಾಗ ಅದು ಮಿನುಗಿ ಮಿನುಗಿ ಓಡಾಡಿತು.

“ಮೊಮ್ಮಕ್ಕಳು ಇಲ್ಲಂತ ನೀವ ಆಟಕ್ಕ ಕುಂತೀರೇನ್ರಿ?” ಎಂದಳು ಹೆಂಡತಿ ಬಾಗಿಲಲ್ಲಿ ನಿಂತು. “ಬಿಸ್ಕಿಟರೆ ತಿಂದೀರೋ, ಬರೀ ಕಾಗದ ಹರದೀರೋ?”

ಅವಳಿಗೆ ವಿವರಿಸಿದೆ. ನಿಂತ ವಸ್ತುವನ್ನು ಬಿಟ್ಟು, ಚಲಿಸುವುದನ್ನು ಮಾತ್ರ ತೋರಿಸುವಂತೆ ರಾಡಾರನ್ನು ಸಜ್ಜುಗೊಳಿಸಿರುತ್ತಾರೆ. ಇಲ್ಲವಾದರೆ ಗುಡ್ಡ, ಕಟ್ಟಡಗಳೇ ಪರದೆಯನ್ನು ತುಂಬಿಬಿಡುತ್ತವೆ. ಆದರೆ ಗಾಳಿಯಂತ್ರದ ಕಂಬ ನಿಂತಿದ್ದರೂ ಅದರ ರೆಕ್ಕೆ ಚಲಿಸುತ್ತದೆ. ರಾಡಾರಿನ ಕಣ್ಣಿಗೆ ಅದೂ ಹಾರುವ ವಸ್ತುವೇ. ಖುಲ್ತಾಬಾದಿನ ಆಚೆಯ ಗುಡ್ಡಸಾಲಿನಲ್ಲಿ ಹನ್ನೆರಡು ಗಾಳಿಯಂತ್ರಗಳಿವೆ ಎಂಬುದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಅವುಗಳಲ್ಲಿ ಕೊನೆಯ ನಾಲ್ಕರ ಗುಂಡಿ ತೋಡಿದ ಕೂಲಿಗಳಿಗೆ ನಾನೇ ಮುಕಾದಮನಾಗಿದ್ದೆ.

ಸಂಜೆ ಮಗಳಿಗೆ ಹೇಳಿದೆ. ಅವಳು ತಲೆಯಾಡಿಸಿದಳು.

“ಅಪ್ಪಾ, ಪವನಚಕ್ಕಿದು ನಮಗ ಗೊತ್ತದ. ಅವುಕ್ಕ ಮೊದಲೇ ಮಾಸ್ಕ್ ಹಾಕ್ಯಾರ. ಆ ಹನ್ನೆರಡು ಜಾಗಾದಾಗ ಏನ ಬಂದ್ರೂ ಸ್ಕ್ರೀನ್ ಮ್ಯಾಲ ತೋರ್ಸಬ್ಯಾಡ ಅಂತ ಮಶೀನಿಗೆ ಹೇಳಿರ್ತದ. ಪಾಹುಣಾ ಅದರ ಬಾಹೇರ ಇದ್ದಾನ.”

“ಎಷ್ಟು ಹೊರಗ?”

ಅವಳು ತಾಟಿನಲ್ಲಿ ಹನ್ನೆರಡು ಶೇಂಗಾಕಾಳುಗಳನ್ನು ಸಾಲಾಗಿ ಇಟ್ಟಳು. ಆಮೇಲೆ ಬೆಲ್ಲದ ಚೂರೊಂದನ್ನು ತೆಗೆದು, ಕೊನೆಯ ಕಾಳಿನಿಂದ ಎರಡು ಬೆರಳಿನಷ್ಟು ಜಾಗ ಬಿಟ್ಟು, ಸ್ವಲ್ಪ ಎಡಕ್ಕೆ ಇಟ್ಟಳು. “ಇಲ್ಲಿ ಬರೋಬ್ಬರ್.”

ನಾನು ಎದ್ದು ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡೆ. ಆ ಬೆಲ್ಲದ ಚೂರು ಕುಳಿತಿದ್ದ ದಿಬ್ಬ ನನಗೆ ಗೊತ್ತಿತ್ತು.

ಆರೇಳು ವರ್ಷಗಳ ಹಿಂದಿನ ಮಾತು. ಹನ್ನೆರಡನೆಯ ಯಂತ್ರಕ್ಕೆ ಗೂಟ ಬಡಿದು, ಮಣ್ಣು ಪರೀಕ್ಷೆಗೆಂದು ಆಳೆತ್ತರ ತೋಡಿ, ಮಳೆಗಾಲ ಬಂದದ್ದರಿಂದ ಹಾಗೆಯೇ ಬಿಟ್ಟಿದ್ದರು. ಆ ಮಳೆಯಲ್ಲಿ ಶೆಡ್ಡಿನ ಒಂದು ಹಸುಗೂಸು ಜ್ವರದಿಂದ ತೀರಿಕೊಂಡಿತು. ಅದರ ತಾಯಿ ನಮ್ಮ ಆಳಂದದ ಕಡೆಯವಳು. ಸುತ್ತಲೂ ಕಲ್ಲುನೆಲ, ಮೆತ್ತಗಿದ್ದದ್ದು ಆ ಗುಂಡಿಯೊಂದೇ. ಕೂಸನ್ನು ಅಲ್ಲಿಯೇ ಮಣ್ಣು ಮಾಡಿದೆವು. ಮಳೆ ನಿಂತು ಅಗೆಯುವ ಯಂತ್ರ ಬಂದಾಗ ಆ ತಾಯಿ ಹೋಗಿ ಗೂಟದ ಪಕ್ಕ ಕುಳಿತಳು. ಯಾರು ಕರೆದರೂ ಏಳಲಿಲ್ಲ. ನಾನು ಇಂಜಿನಿಯರ್ ಸಾಹೇಬರ ಬಳಿ ಹೋಗಿ, ಕೆಳಗೆ ಬಂಡೆ ಹತ್ತಿದೆ, ಹಳ್ಳದಾಚೆಯ ದಿಬ್ಬ ಒಳ್ಳೆಯದು ಎಂದೆ. ಅದೂ ಅದೇ ಮಾಲೀಕನ ಬರಡು ನೆಲ. ಅವರು ಕೆಲಸದ ಅವಸರದಲ್ಲಿದ್ದರು. ಕಾಗದವನ್ನು ಆಮೇಲೆ ತಿದ್ದಿದರಾಯಿತು ಎಂದರು. ಯಾರೂ ತಿದ್ದಲಿಲ್ಲ. ರಾಡಾರಿನವರು ಆ ಹಳೆಯ ಕಾಗದವನ್ನು ನಂಬಿ, ಕೂಸು ಮಲಗಿದ್ದ ಜಾಗವನ್ನು ಪರದೆಯಲ್ಲಿ ಮುಚ್ಚಿದ್ದರು. ಯಂತ್ರ ತಿರುಗುತ್ತಿದ್ದದ್ದು ಹಳ್ಳದಾಚೆ, ಮುಚ್ಚದ ದಿಬ್ಬದ ಮೇಲೆ.

ಎಲ್ಲರ ಮಾತನ್ನೂ ಸಂಶಯದಿಂದ ನೋಡುತ್ತ ಬಂದ ನಾನು, ಇಷ್ಟು ಜನ ಇಷ್ಟು ಕಾಲ ನಂಬಿದ ಒಂದು ಸುಳ್ಳನ್ನು ಸ್ವತಃ ಹೇಳಿದ್ದೆ. ಅದನ್ನು ಆ ತಾಯಿಯನ್ನು ಕೇಳದೆ ಬಿಚ್ಚುವುದು ಹೇಗೆಂದು ತಿಳಿಯಲಿಲ್ಲ. ಮರುದಿನ ಮಗಳಿಗೆ ಏನೂ ಹೇಳದೆ ನಸುಕಿನ ಬಸ್ಸು ಹಿಡಿದು ನಾಸಿಕಕ್ಕೂ ಅಲ್ಲಿಂದ ಘೋಟಿಗೂ ಹೋದೆ. ಅವಳು ಅಲ್ಲಿಯ ಅಕ್ಕಿ ಗಿರಣಿಯೊಂದರಲ್ಲಿದ್ದಾಳೆಂದು ಹಳೆಯ ಕೂಲಿಗಳಿಂದ ಕೇಳಿದ್ದೆ.

ಮೊರದಲ್ಲಿ ನುಚ್ಚು ಕೇರುತ್ತಿದ್ದವಳು ತಲೆಯೆತ್ತಿ ನೋಡಿದಳು. “ಮುಕಾದಮ್ರೇನ್ರಿ! ಮತ್ತ ಗುಂಡಿ ತೋಡ್ಲಾಕ ಕರಿಯಾಕ ಬಂದಿದ್ರ ಹಂಗೇ ಹೊಳ್ಳಿ ಹೋಗ್ರಿ. ನಂಗ ಈಗ ನೆರಳಿನ ಕೆಲಸ ಅದ.”

ಹೇಳಿದೆ. ಮೊರ ಅವಳ ಕೈಯಲ್ಲಿ ನಿಂತಿತು.

“ಅಲ್ಲಿ ಅಗಿತಾರೇನ್ರಿ?”

“ಅಗಿಯೋದಿಲ್ಲ ತಂಗಿ. ಅಳತಿ ಹಿಡಿತಾರ, ಅಷ್ಟ. ಕಾಗದದಾಗ ಖರೇ ಮಾತು ಬರೀಬೇಕಾಗ್ತದ.”

“ಬರೀರಿ. ನನ್ನ ಕೂಸಿನ ಸಲುವಾಗಿ ಯಾರರೆ ಮ್ಯಾಲಿಂದ ಬೀಳೋದು ಬ್ಯಾಡ.” ನನ್ನ ಧೂಳು ಹಿಡಿದ ಕಾಲುಗಳನ್ನು ನೋಡಿ ಹೇಳಿದಳು: “ಇದನ್ನ ಕೇಳ್ಲಾಕ ಇಡೀ ದಿನ ಬಸ್ಸಿನ್ಯಾಗ ಕಳದ್ರಿ? ಮೊದಲ ಪಂಖಾ ಬಂದ್ ಮಾಡ್ಸಿ ಬರಬೇಕಾಗಿತ್ತಲ್ರಿ.”

ಅವಳ ಮಾತು ಸರಿಯಾಗಿತ್ತು. ನಾನು ಸಂಜೆ ಮನೆಗೆ ಮರಳಿದಾಗ ಮಗಳು ಸಮವಸ್ತ್ರವನ್ನೂ ಬದಲಿಸದೆ ಅಡುಗೆಮನೆಯ ನೆಲದ ಮೇಲೆ ಕುಳಿತಿದ್ದಳು. ತಾಯಿ ಅವಳ ಬೆನ್ನು ಸವರುತ್ತಿದ್ದಳು. ಆ ಮಧ್ಯಾಹ್ನ, ಒಬ್ಬನೇ ಹಾರಲು ಹೋಗಿದ್ದ ಒಬ್ಬ ವಿದ್ಯಾರ್ಥಿಯ ವಿಮಾನದಲ್ಲಿ ಗುರುತು ಹೇಳುವ ಉಪಕರಣ ಕೆಟ್ಟಿತ್ತು. ದಾರಿ ತಪ್ಪಿದ ಅವನು ಗುಡ್ಡಸಾಲಿನ ಕೊನೆಗೆ ಬಂದಿದ್ದ. ಪರದೆಯಲ್ಲಿ ಚುಕ್ಕೆ ಮೂಡಿತು. ಪಕ್ಕದವರು “ಪಾಹುಣಾ ಆಲಾ”, ನೆಂಟ ಬಂದ, ಎಂದರು. ಅವಳೂ ಅದನ್ನು ನೋಡಿ ಕಣ್ಣು ತೆಗೆದಳು. ಪ್ರಯಾಣಿಕರ ವಿಮಾನವೊಂದಕ್ಕೆ ಅದೇ ದಿಕ್ಕಿನಲ್ಲಿ ಇಳಿಯಲು ಅನುಮತಿ ಕೊಟ್ಟಳು. ಆ ವಿದ್ಯಾರ್ಥಿ ಹೆದರಿ ರೇಡಿಯೋದಲ್ಲಿ ಕೆಳಗೆ ಗಾಳಿಯಂತ್ರಗಳು ಕಾಣುತ್ತಿವೆಯೆಂದು ಕೂಗಿ ಹೇಳದೆ ಹೋಗಿದ್ದರೆ ಅವಳು ದೊಡ್ಡ ವಿಮಾನವನ್ನು ತಿರುಗಿಸುತ್ತಿರಲಿಲ್ಲ.

“ಎಷ್ಟು ಹತ್ತಿರ ಬಂದಿದ್ವು?” ಎಂದೆ.

“ಕೇಳಬ್ಯಾಡ್ರಿ ಅಪ್ಪಾ. ನಾ ನೋಡಿದ್ದೆ. ನೋಡಿ ಬಿಟ್ಟುಬಿಟ್ಟೆ.”

ಆಗ ಹೇಳಿದೆ, ಕೂಸಿನಿಂದ ಹಿಡಿದು ಎಲ್ಲವನ್ನೂ. ಅವಳು ನನ್ನನ್ನು ಬಯ್ಯಲಿಲ್ಲ. ಎದ್ದು ಮೇಲಧಿಕಾರಿಗೆ ಫೋನು ಮಾಡಿದಳು.

ಬೆಳಿಗ್ಗೆ ಅವರ ಕೊಠಡಿಯಲ್ಲಿ ನನ್ನನ್ನು ಕೂರಿಸಿದರು. ಆ ಅಧಿಕಾರಿ ಮರಾಠಿಯವರು, ಸಭ್ಯರು. ನಕಾಶೆಯನ್ನು ನನ್ನ ಮುಂದೆ ಹರಡಿ, “ಕಾಕಾ, ಹನ್ನೆರಡೂ ಇಲ್ಲಿವೆ. ಕೆಳಗೆ ಕಂಪನಿಯ ಸಹಿ ಇದೆ” ಎಂದು ಮರಾಠಿಯಲ್ಲಿ ಹೇಳಿದರು.

“ಸಹಿ ಮಾಡಿದವರು ಗುಂಡಿ ತೋಡಿಸಿಲ್ಲ ಸಾಹೇಬರೇ, ತೋಡಿಸಿದವನು ನಾನು” ಎಂದು ನಾನೂ ಮರಾಠಿಯಲ್ಲೇ ಉತ್ತರಿಸಿದೆ. “ಹನ್ನೆರಡನೆಯದನ್ನು ಈಗಲೇ ನಿಲ್ಲಿಸಿ ನೋಡಿ.”

ಅವರು ಗುಡ್ಡದ ಮೇಲಿನ ಗಾಳಿಯಂತ್ರ ಕಂಪನಿಯ ಕಚೇರಿಗೆ ಫೋನು ಮಾಡಿದರು. ಹೊರಗೆ ಬೇವಿನ ಮರ ಗಾಳಿಗೆ ತೂಗುತ್ತಿತ್ತು; ಅಂದರೆ ನೆಂಟ ಬಂದಿರುತ್ತಾನೆ. ಪಕ್ಕದ ಕೊಠಡಿಯಲ್ಲಿ ಮಗಳು ಪರದೆಯ ಮುಂದಿದ್ದಳು, ಅವಳ ಧ್ವನಿ ಮೇಜಿನ ಮೇಲಿನ ಫೋನಿನಿಂದ ಬರುತ್ತಿತ್ತು. ಇದೆ ಎಂದಳು. ಇನ್ನೂ ಇದೆ ಎಂದಳು. ಅಷ್ಟು ದೊಡ್ಡ ರೆಕ್ಕೆಗಳು ಒಮ್ಮೆಲೇ ನಿಲ್ಲುವುದಿಲ್ಲವೆಂದು ಬಲ್ಲ ನನಗೂ, ನನ್ನ ಲೆಕ್ಕವೇ ತಪ್ಪಿರಬಹುದು, ಅದು ಬೇರೇನೋ ಆಗಿರಬಹುದು, ಅದನ್ನು ಇನ್ನು ಯಾರೂ ಕಂಡುಹಿಡಿಯಲಾರರು ಎಂಬ ಹೆದರಿಕೆಯಾಯಿತು.

“ಹೋತು” ಎಂದಳು ಮಗಳು, ಕನ್ನಡದಲ್ಲಿ.

ಮತ್ತೆ ತಿರುಗಿಸಿದಾಗ ಮತ್ತೆ ಬಂತು. ಅಧಿಕಾರಿ ಹಣೆ ಒರೆಸಿಕೊಂಡು, ಮುಚ್ಚುವ ಜಾಗವನ್ನು ನಾಳೆಯೇ ಹಳ್ಳದಾಚೆಗೆ ಸರಿಸುವುದಾಗಿ ಹೇಳಿದರು. ಅದು ಸಾಲದೆಂದೆ. ಮುಚ್ಚಿದ ಮೇಲೆ ನೆಂಟ ಕಾಣುವುದಿಲ್ಲ ನಿಜ, ನಿನ್ನೆಯ ಆ ವಿದ್ಯಾರ್ಥಿಯೂ ಕಾಣುವುದಿಲ್ಲವಲ್ಲ? ಅವರು ಪೆನ್ನು ತೆಗೆದರು. ಇನ್ನೊಂದು ದಿಕ್ಕಿನಿಂದ ನೋಡುವ ಬೇರೆ ರಾಡಾರಿನ ಚಿತ್ರವನ್ನು ಆ ಮುಚ್ಚಿದ ಜಾಗಗಳಲ್ಲಿ ಸೇರಿಸಬಹುದೆಂದೂ, ಅದಕ್ಕೆ ತಿಂಗಳುಗಳೇ ಬೇಕೆಂದೂ, ಅಲ್ಲಿಯವರೆಗೆ ಕಲಿಯುವವರ ವಿಮಾನಗಳನ್ನು ಗುಡ್ಡಸಾಲಿನ ಕಡೆಗೆ ಬಿಡುವುದಿಲ್ಲವೆಂದೂ ಹೇಳಿದರು. ಯಾವುದಾದರೂ ವಿಮಾನ ಅಲ್ಲಿ ಕಾಣೆಯಾದರೆ, ಮುಚ್ಚಿದ ಜಾಗವನ್ನು ತೆರೆದು ನೋಡಲಿಕ್ಕಾಗಿ, ಕೂಡಲೇ ಯಂತ್ರಗಳನ್ನು ನಿಲ್ಲಿಸುವಂತೆ ಗುಡ್ಡದ ಕಚೇರಿಯೊಂದಿಗೆ ಲಿಖಿತ ಒಪ್ಪಂದವಾಗಬೇಕೆಂದೂ ಬರೆದುಕೊಂಡರು.

“ಉಳಿದ ಹನ್ನೊಂದನ್ನೂ ಅಳೆಯಿರಿ” ಎಂದೆ.

“ಅವುಗಳ ಮೇಲೆ ನಿಮಗೇನು ಅನುಮಾನ ಕಾಕಾ? ಅವು ಎಂದೂ ಪರದೆಯ ಮೇಲೆ ಬಂದಿಲ್ಲ.”

“ನನ್ನ ಸುಳ್ಳನ್ನು ನೀವು ಇಷ್ಟು ವರ್ಷ ನಂಬಿದಿರಿ. ನನ್ನೊಬ್ಬನಿಗೇ ಸುಳ್ಳು ಹೇಳಲು ಬರುತ್ತದೆಯೇ?”

ಅವರಿಗೆ ಸಿಟ್ಟು ಬಂದಿರಬೇಕು. ಆದರೂ ಎರಡು ದಿನದ ನಂತರ ಅಳತೆಯವರನ್ನು ಕಳಿಸಿದರು. ಜಾಗ ತೋರಿಸಲು ನಾನೂ ಹೋದೆ. ಹಳೆಯ ಗೂಟವಿದ್ದಲ್ಲಿ ಹುಲ್ಲು ಬೆಳೆದಿತ್ತು. ಅಳತೆಯವರು ಕಾರಣ ಕೇಳಿದಾಗ ಇದ್ದದ್ದನ್ನೇ ಹೇಳಿದೆ, ಅವರು ಇದ್ದದ್ದನ್ನೇ ಬರೆದುಕೊಂಡರು. ಅಲ್ಲಿಂದ ಹಿಂದಕ್ಕೆ ಒಂದೊಂದನ್ನೇ ಅಳೆಯುತ್ತ ಬಂದೆವು. ತಲೆಯ ಮೇಲೆ ರೆಕ್ಕೆಗಳು ಗಾಳಿಯನ್ನು ಕೊಯ್ಯುತ್ತಿದ್ದವು. ಹನ್ನೊಂದನೆಯದು ಸರಿ, ಹತ್ತನೆಯದು ಸರಿ, ಹೀಗೆ ಆರನೆಯದರವರೆಗೆ ಕಾಗದವೂ ನೆಲವೂ ಒಂದೇ ಮಾತು ಹೇಳಿದವು.

ಐದನೆಯದು ಹೇಳಲಿಲ್ಲ. ಅದು ಕಾಗದದಲ್ಲಿದ್ದ ಜಾಗದಿಂದ ಪೂರ್ವಕ್ಕೆ ಬಹಳ ದೂರ ನಿಂತಿತ್ತು. ಅದನ್ನು ನೆಟ್ಟ ತಂಡ ಬೇರೆಯವರದು. ಯಾಕೆ ಸರಿಸಿದರೆಂದು ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಪರದೆಯ ಮೇಲೆ ಅದು ಎಂದೂ ಬಂದಿರಲಿಲ್ಲ, ಯಾಕೆಂದರೆ ಈ ರಾಡಾರ್ ಚಾಲೂ ಆಗುವ ಮೊದಲೇ ಅದರ ಗೇರು ಮುರಿದು ರೆಕ್ಕೆಗಳಿಗೆ ಬೀಗ ಬಿದ್ದಿತ್ತು. ಹೊಸ ಗೇರು ಆ ವಾರವಷ್ಟೇ ಬಂದಿಳಿದಿತ್ತು. ಬುಡದಲ್ಲಿ ಎಣ್ಣೆಯ ಡಬ್ಬಿಗಳ ನಡುವೆ ಚಹಾ ಕುಡಿಯುತ್ತಿದ್ದ ಮೇಸ್ತ್ರಿ, ಸೋಮವಾರ ಚಾಲೂ ಮಾಡುತ್ತೇವೆ ಎಂದು ಖುಷಿಯಿಂದ ಹೇಳಿದ. ಸೋಮವಾರ ನನ್ನ ಮಗಳ ಪಾಳಿ.

ಅಧಿಕಾರಿಗೆ ಅಲ್ಲಿಂದಲೇ ಫೋನು ಹೋಯಿತು. ನಕಾಶೆ ತಿದ್ದುವ ತನಕ ಐದನೆಯದನ್ನು ತಿರುಗಿಸಬಾರದೆಂದು ಅವರು ಆಜ್ಞೆ ಕಳಿಸಿದರು. ಗುಡ್ಡದ ಕಚೇರಿಯವರು ಒಪ್ಪಿದರು. ಮಗಳು ಅದನ್ನು ನನಗೆ ಎರಡು ಸಲ ಹೇಳಿದಳು, ಕಾಗದವನ್ನೂ ತಂದು ತೋರಿಸಿದಳು.

ಸೋಮವಾರ ಗಾಳಿ ಜೋರಾಗಿ ಎದ್ದಿತು. ಅವಳು ಪಾಳಿಗೆ ಹೊರಡುವ ಮೊದಲೇ ನಾನು ಚಪ್ಪಲಿ ಮೆಟ್ಟಿದ್ದೆ.

“ಮತ್ತ ಎಲ್ಲಿಗ್ರಿ?” ಎಂದಳು ಹೆಂಡತಿ. “ನಿಲ್ಲಿಸ್ಯಾರಂತ ಕಾಗದಾನೇ ಬಂದದಲ್ಲ.”

ಕಾಗದ ಬಂದದ್ದು ನಿಜ, ರೆಕ್ಕೆ ನಿಂತದ್ದನ್ನು ನೋಡಿದವರು ಯಾರು ಎಂದೆ. ಹೋಗಿ ಖುಲ್ತಾಬಾದಿನ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಕುಳಿತು, ಗುಡ್ಡಸಾಲು ಕಾಣುವ ತಿರುವು ಬರುವ ತನಕ ಮುಂದಿನ ಸೀಟಿನ ಸರಳನ್ನು ಬಿಡಲಿಲ್ಲ.